ಮಿಸ್ಸಿಸಿಪ್ಪಿ ಬಾವುಟದಲ್ಲಿ ಸೊಳ್ಳೆ

2020ರಲ್ಲಿ ಅಮೆರಿಕದ ಮಿಸ್ಸಿಸಿಪ್ಪಿ ರಾಜ್ಯಕ್ಕೆ ಹೊಸ ಬಾವುಟ ಬೇಕು ಅಂತ ಜನರಿಂದ ವಿನ್ಯಾಸ ಕೇಳಿದ್ದರು. ಹತ್ತಿರ ಹತ್ತಿರ 3000 ಬಂದವು. ಆರಿಸಿ ಹಾಕಿದವುಗಳಲ್ಲಿ ಒಂದು ದೊಡ್ಡ ಸೊಳ್ಳೆ! ಸುತ್ತ ನಕ್ಷತ್ರ, ನಡುವೆ ಸೊಳ್ಳೆ. ತಪ್ಪಿ ನುಸುಳಿತ್ತು, ಆಮೇಲೆ ತೆಗೆದರು. ಲಾಕ್‌ಡೌನ್ ಟೈಮಲ್ಲಿ ಅದನ್ನು ನೋಡಿ ಒಬ್ಬನೇ ಕೂತು ನಕ್ಕಿದ್ದೆ. ಹಳೇ ಬಾವುಟ ಯಾಕೆ ಇಳೀತು ಅಂತ ಓದುತ್ತಾ ಹೋದ ಮೇಲೆ ನಗು ನಿಂತಿತು.

ಆ ಹಳೇ ಬಾವುಟದ ಮೂಲೆಯಲ್ಲಿ ಒಂದು ಕೆಂಪು ಚೌಕ, ಅದರ ಮೇಲೆ ಅಡ್ಡಡ್ಡ ಹಾದುಹೋಗುವ ಎರಡು ನೀಲಿ ಪಟ್ಟಿ. ಗುಲಾಮಗಿರಿ ಉಳಿಸಿಕೊಳ್ಳೋಕೆ ದೇಶ ಬಿಟ್ಟು ಹೊರಟ ದಕ್ಷಿಣದ ರಾಜ್ಯಗಳ ಯುದ್ಧದ ಬಾವುಟ ಅದು. 'ಇದು ನಮ್ಮ ಪರಂಪರೆ, ಗುಲಾಮಗಿರಿಗೂ ಇದಕ್ಕೂ ಸಂಬಂಧ ಇಲ್ಲ' ಅನ್ನೋರು ಈಗಲೂ ಇದ್ದಾರೆ. ಆದರೆ 1861ರಲ್ಲಿ ಬೇರೆ ಹೋಗುವಾಗ ಗುಲಾಮಗಿರಿಯೇ ಕಾರಣ ಅಂತ ಮಿಸ್ಸಿಸಿಪ್ಪಿಯವರೇ ಬರೆದುಕೊಟ್ಟಿದ್ದಾರೆ, ಇನ್ನೇನು ಹೇಳೋದು? ಇನ್ನೊಂದು ವಿಷಯ. ಯುದ್ಧ ಮುಗಿದದ್ದು 1865ರಲ್ಲಿ, ರಾಜ್ಯದ ಈ ಬಾವುಟ ಬಂದದ್ದು 1894ರಲ್ಲಿ. ಅದಕ್ಕೆ ನಾಲ್ಕೇ ವರ್ಷ ಮೊದಲು, 1890ರ ರಾಜ್ಯ ಸಂವಿಧಾನದಲ್ಲಿ ಕಪ್ಪು ಜನರ ಓಟು ಕಿತ್ತುಕೊಳ್ಳುವ ವ್ಯವಸ್ಥೆ ಆಗಿತ್ತು. ಸತ್ತ ಅಜ್ಜಂದಿರ ನೆನಪಿಗಿಂತ, ಈಗ ಯಾರ ಕೈ ಮೇಲು ಅಂತ ತೋರಿಸೋಕೇ ಅದನ್ನು ಹಾರಿಸಿದ್ದು ಅಂತ ನನಗೆ ಅನಿಸುತ್ತದೆ.

2001ರಲ್ಲಿ ಜನಮತ ಕೇಳಿದರು. ಹಳೇದಾ, ಹೊಸದಾ? ಮೂರರಲ್ಲಿ ಎರಡು ಪಾಲು ಜನ ಹಳೇದೇ ಇರಲಿ ಅಂದರು. ದಕ್ಷಿಣದ್ದೇ ಇನ್ನೊಂದು ರಾಜ್ಯ ಜಾರ್ಜಿಯಾದಲ್ಲಿ ಅದೇ ವರ್ಷ ಇಂಥದ್ದೇ ಬಾವುಟ ಬದಲಿಸಿದ ಗವರ್ನರ್ ರಾಯ್ ಬಾರ್ನ್ಸ್ ಮರುವರ್ಷ ಚುನಾವಣೆ ಸೋತರು. ಆಮೇಲೆ ಯಾವ ರಾಜಕಾರಣಿ ಮುಟ್ಟುತ್ತಾನೆ ಹೇಳಿ.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಬೀದಿಗಳು ಪ್ರತಿಭಟನೆಯಿಂದ ತುಂಬಿದವು. ಜೊತೆಗೆ, ಈ ಬಾವುಟ ಇರೋವರೆಗೆ ನಿಮ್ಮಲ್ಲಿ ಟೂರ್ನಮೆಂಟ್ ಇಲ್ಲ ಅಂತ ಕಾಲೇಜು ಕ್ರೀಡಾ ಸಂಸ್ಥೆಗಳು ಹೇಳಿಬಿಟ್ಟವು. ಅಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಬರೀ ಆಟ ಅಲ್ಲ. ಕೈಲಿನ್ ಹಿಲ್ ಅನ್ನೋ ಆಟಗಾರ, ಬಾವುಟ ಬದಲಿಸಿ, ಇಲ್ಲದಿದ್ದರೆ ನಾನು ಆಡಲ್ಲ ಅಂದ. ಜೂನ್ 28ಕ್ಕೆ ಶಾಸನಸಭೆ ಓಟು ಹಾಕಿತು, 30ಕ್ಕೆ ಗವರ್ನರ್ ಸಹಿ. ನವೆಂಬರಿನಲ್ಲಿ ಮತ್ತೆ ಜನರ ಮುಂದೆ ಹೋದಾಗ ಚೀಟಿಯಲ್ಲಿ ಹಳೇ ಬಾವುಟವೇ ಇರಲಿಲ್ಲ! ಹೊಸದು ಬೇಕಾ ಬೇಡವಾ, ಅಷ್ಟೇ ಪ್ರಶ್ನೆ. ಶೇ. 70ಕ್ಕೂ ಜಾಸ್ತಿ ಜನ ಬೇಕು ಅಂದರು.

ಇದು ಮೋಸ ಅಂತ ಕೆಲವರ ವಾದ. ನನಗೆ ಹಾಗನಿಸಲ್ಲ. ಆ ರಾಜ್ಯದಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಕಪ್ಪು ಜನ. ಅವರ ಮುತ್ತಜ್ಜಿಯನ್ನು ಮಾರಿದವರ ಗುರುತು ಕಚೇರಿ ಮೇಲೆ ಹಾರಬೇಕಾ ಅನ್ನೋದನ್ನು ಉಳಿದವರ ತಲೆ ಎಣಿಸಿ ತೀರ್ಮಾನ ಮಾಡೋದು ಎಂಥಾ ನ್ಯಾಯ? ಕೆಲವು ಪ್ರಶ್ನೆಗಳನ್ನು ಶಾಸಕರೇ ಧೈರ್ಯವಾಗಿ ಮುಗಿಸಬೇಕು, ಸೋತರೂ ಸರಿ.

(ನಮ್ಮ ಹಳದಿ ಕೆಂಪಿನ ನಡುವೆ 2018ರಲ್ಲಿ ಬಿಳಿ ಪಟ್ಟಿ, ಗಂಡಭೇರುಂಡ ಸೇರಿಸಿದಾಗ ಎದ್ದ ಜಗಳ ನೆನಪಿದೆ ಅಲ್ವಾ? ಅದು ಬಣ್ಣದ ಜಗಳ. ಇದು ಗಾಯದ್ದು.)

ಹೊಸ ಬಾವುಟದಲ್ಲಿ ಬಿಳಿ ಮ್ಯಾಗ್ನೋಲಿಯಾ ಹೂವು. ಸುತ್ತ 20 ಬಿಳಿ ನಕ್ಷತ್ರ, ಇದು 20ನೇ ರಾಜ್ಯ ಅಂತ. ಮೇಲೆ ಒಂದೇ ಒಂದು ಚಿನ್ನದ ನಕ್ಷತ್ರ, ಎಲ್ಲರಿಗಿಂತ ಮೊದಲು ಆ ನೆಲದಲ್ಲಿದ್ದ ಮೂಲನಿವಾಸಿಗಳಿಗೆ. ಕೆಳಗೆ 'ದೇವರಲ್ಲಿ ನಮ್ಮ ನಂಬಿಕೆ' ಅನ್ನೋ ಸಾಲು ಇರಲೇಬೇಕು ಅಂತ ಕಾನೂನಿನಲ್ಲೇ ಷರತ್ತು. ನಾನಾಗಿದ್ದರೆ ಆ ಸಾಲು ಬಿಡುತ್ತಿದ್ದೆ, ಗಾಳಿಗೆ ಹಾರುವಾಗ ಯಾರಿಗೆ ಓದೋಕಾಗುತ್ತೆ? ಹೂವು ಮಾತ್ರ ದೂರದಿಂದಲೂ ಕಾಣುತ್ತದೆ.