ಬೆಳಕು ಕಂಡ 62 ಮಂದಿ, ಏನೂ ಕಾಣದ 282 ಮಂದಿ, ಮತ್ತ ನಮ್ಮಪ್ಪ

ನಮ್ಮೂರು ಕೊಪ್ಪಳ ಜಿಲ್ಲಾ ಯಲಬುರ್ಗಾ ಕಡಿ. ನಾನಿರೋದು ನೆದರ್‌ಲ್ಯಾಂಡ್ಸಿನ ಐಂಧೋವನ್‌ದಾಗ, 11 ವರ್ಷ ಆತು. ಅಪ್ಪ ತೀರಿಕೊಂಡಾಗ ನನಗ ಮುಖ ನೋಡಾಕ ಸಿಗ್ಲಿಲ್ಲ. ಮುಂಜಾನಿ ಹೊಲದಾಗ ಎದಿ ಹಿಡ್ಕೊಂಡು ಕುಂತಾನ, ತಮ್ಮ ಗಾಡಿ ಮಾಡ್ಕೊಂಡು ಆಸ್ಪತ್ರಿಗೆ ಒಯ್ಯೋದ್ರಾಗ ಉಸಿರು ನಿಂತಿತ್ತು, ಡಾಕ್ಟ್ರು ಎದಿ ಒತ್ತಿ ಒತ್ತಿ ನೋಡ್ಯಾರ, ಆಗಿಲ್ಲ. ನಮ್ಮ ಕಡಿ ಬಾಳ ಹೊತ್ತು ಇಟ್ಕೊಂಡು ಕುಂದ್ರಂಗಿಲ್ಲ, ಹೊತ್ತು ಮುಳುಗೋದ್ರೊಳಗ ವಿಭೂತಿ ಹಚ್ಚಿ ಅಂಗೈಯಾಗ ಲಿಂಗ ಇಟ್ಟು ಕುಂದರ್ಸಿ ನಮ್ಮ ಎರಿ ಹೊಲದಾಗ ಮಣ್ಣು ಮಾಡಿದ್ರು, ನಾನು ಆಮ್‌ಸ್ಟರ್‌ಡ್ಯಾಮ್ ಏರ್‌ಪೋರ್ಟಿನ್ಯಾಗ ಫೋನ್ ಹಿಡ್ಕೊಂಡು ವಿಡಿಯೋದಾಗ ನೋಡಿದೆ, ಅದೂ ನೆಟ್ ಹೋಗಿ ಹೋಗಿ ಬರತಿತ್ತು.

ಇಲ್ಲಿ ಕಾನೂನೇ ಬ್ಯಾರೆ ಐತಿ. ವಿಶೇಷ ಪರವಾನಗಿ ಇಲ್ಲಂದ್ರ 36 ತಾಸು ಆಗೋತನಕ ಮಣ್ಣೂ ಮಾಡಂಗಿಲ್ಲ, ಸುಡಂಗೂ ಇಲ್ಲ, ಆದ್ರ ಸತ್ತ ಮ್ಯಾಲೆ 6 ಕೆಲಸದ ದಿನದೊಳಗ ಮುಗಿಸ್ಬೇಕು. ದೂರ ಇದ್ದ ಮಕ್ಕಳು ಬರ್ತಾರ, ಬಾಜೂಕ ಕುಂದ್ರತಾರ, ಕೈ ಮುಟ್ತಾರ. ಕಡೀಕ ಎಲ್ಲಾರೂ ಕಾಫಿ ಕುಡದು ಒಂದು ತುಂಡು ಕೇಕ್ ತಿಂದು ಮನಿಗೆ ಹೋಗ್ತಾರ. ಮೊದಲ ಸಲ ಆ ಕಾಫಿ ನೋಡಿದಾಗ ಇದೇನು ಮಂದಿ ಅನ್ನಿಸಿತ್ತು, ಈಗ ಆ 36 ತಾಸು ನನಗ ಸಿಕ್ಕಿದ್ರ ಎಷ್ಟು ಛಲೋ ಇತ್ತು ಅಂತೀನಿ.

ಅಪ್ಪ ಹೋದ ಮ್ಯಾಲೆ ನನ್ನ ತಲಿಯಾಗ ಒಂದ ಪ್ರಶ್ನೆ. ಆ ಕಡೀ ಗಳಿಗಿಯಾಗ ಅಪ್ಪಗ ಏನಾತು, ಅಂಜಿದ್ನಾ, ನನ್ನ ಹೆಸರು ಹಿಡದು ಕರದ್ನಾ, ಬಾಳ ತ್ರಾಸ ಆತಾ. ನಿದ್ದಿ ಹತ್ತತಿರಲಿಲ್ಲ. ಇಲ್ಲಿ ನಮ್ಮ ಪಕ್ಕದ ಮನಿ ಅಜ್ಜಿ ಒಂದಿನ ಬಾಗಿಲದಾಗ ನನ್ನ ಮುಖ ನೋಡಿ ಒಳಗ ಕರದು ಕುಂದರಿಸಿ, ತನಗ ಒಮ್ಮೆ ಹೃದಯ ನಿಂತು ಮತ್ತ ಚಾಲೂ ಆಗಿದ್ದ ಸುದ್ದಿ ಹೇಳಿದ್ಲು. ಮ್ಯಾಲಿಂದ ತನ್ನ ಮೈನ ತಾನು ನೋಡಿದ್ಲಂತ, ಆಮ್ಯಾಲೆ ಬೆಳಕು, ಸತ್ತ ಅವ್ವ ನಿಂತಿದ್ಲಂತ. ಗಂಡಗ ಬಿಟ್ರ ಯಾರಿಗೂ ಹೇಳಿರಲಿಲ್ಲ, ಹುಚ್ಚಿ ಅಂತಾರಂತ ಅಂಜಿ. ಅಕಿ ಕಣ್ಣಾಗ ನೀರು, ನನ್ನ ಕಣ್ಣಾಗೂ ನೀರು, ಆವತ್ತ ರಾತ್ರಿ ಎಷ್ಟೋ ದಿನದ ಮ್ಯಾಲೆ ಮಲಗಿದೆ.

ಅಲ್ಲಿಂದ ಓದಾಕ ಹಿಡದೆ. ಅಮೆರಿಕದ ರೇಮಂಡ್ ಮೂಡಿ ಅನ್ನೋರು 1975ರಾಗ ಇಂಥಾದ್ದಕ್ಕ ‘ಸಾವಿನಂಚಿನ ಅನುಭವ’ ಅಂತ ಹೆಸರು ಕೊಟ್ಟು ಬರದಿದ್ರು, ಆದ್ರ ನನ್ನ ಮನಸಿಗೆ ನಾಟಿದ್ದು ಈ ದೇಶದ ಹೃದಯದ ಡಾಕ್ಟರ್ ಪಿಮ್ ವಾನ್ ಲೊಮೆಲ್ ಮಾಡಿದ ಕೆಲಸ. 10 ಆಸ್ಪತ್ರಿಯಾಗ ಹೃದಯ ನಿಂತು ಬದುಕಿ ಬಂದ 344 ಪೇಶಂಟ್‌ಗಳನ್ನ ಕೇಳ್ಯಾರ, 2001ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಾಗ ಬಂತು. 62 ಮಂದಿ ಇಂಥಾದ್ದು ಕಂಡಿದ್ದು ಹೇಳಿದ್ರು. ಹೃದಯ ಎಷ್ಟೊತ್ತು ನಿಂತಿತ್ತು, ಏನು ಔಷಧ ಕೊಟ್ಟಿದ್ರು, ಮೊದಲ ಸಾವಿಗೆ ಅಂಜತಿದ್ರೋ ಇಲ್ಲೋ, ಇದ್ರಾಗ ಯಾವುದಕ್ಕೂ ಅವರು ಕಂಡಿದ್ದಕ್ಕೂ ಸಂಬಂಧ ಸಿಗ್ಲಿಲ್ಲ. 8 ವರ್ಷ ಬಿಟ್ಟು ಮತ್ತ ಕೇಳಿದ್ರ ಕಂಡವರಿಗೆ ಸಾವಿನ ಅಂಜಿಕಿ ಕಡಿಮಿ ಆಗಿತ್ತು.

ಮಿದುಳಿನ ಕಡೀ ಮಿಂಚು ಅದು ಅನ್ನೋರೂ ಅದಾರ. ಮಿಶಿಗನ್‌ದಾಗ 2013ರಾಗ ಇಲಿಗಳ ಮ್ಯಾಲೆ ನೋಡ್ಯಾರ, ಹೃದಯ ನಿಂತ ಮ್ಯಾಲೂ ಸ್ವಲ್ಪ ಹೊತ್ತು ಮಿದುಳು ಜೋರಾಗಿ ಕೆಲಸ ಮಾಡಿತ್ತಂತ. ಇರಬಹುದು. ಅದರಿಂದ ನನ್ನ ಸಮಾಧಾನ ಏನೂ ಕಡಿಮಿ ಆಗ್ಲಿಲ್ಲ, ಮಿದುಳೇ ಕಡೀಕ ಅವ್ವನ್ನ ತಂದು ಮುಂದ ನಿಲ್ಲಿಸತೈತಿ ಅಂದ್ರೂ ಅದು ಸಣ್ಣದಲ್ಲ.

ಹೋದ ವರ್ಷ ಗವಿಮಠದ ಅಜ್ಜನ ಜಾತ್ರಿಗೆ ಊರಿಗೆ ಹೋದಾಗ ಮನಿ ಪಡಸಾಲ್ಯಾಗ ಅಪ್ಪನ ಹೆಸರ್ಲೆ ಭಜನಿ ಇಟ್ಟಿದ್ವಿ. ತತ್ವಪದದ ನಡುವ ಚಾ ಕುಡಿಯೋ ಹೊತ್ತಿನ್ಯಾಗ ಇದನ್ನೆಲ್ಲಾ ಹೇಳಿದೆ. ದೊಡ್ಡವ್ವ ನಡುವ ಬಾಯಿ ಹಾಕಿ, "ಅಯ್ಯ, ಇದೇನು ಹೊಸಾದಾ ತಮ್ಮಾ, ನನ್ನ ತವರುಮನಿ ಓಣ್ಯಾಗ ಒಬ್ಬಾವ ಹಿಂಗ ಎದ್ದು ಕುಂತಿದ್ದ" ಅಂದ್ಲು. ಅವನ್ನ ಯಾರೋ ಇಬ್ರು ಎಳಕೊಂಡು ಹೋದ್ರಂತ, ಅಲ್ಲಿ ಲೆಕ್ಕ ಬರಿಯಾವ ಪುಸ್ತಕ ತಗದು, ಇವನಲ್ಲ ಅದ ಹೆಸರಿನಾವ ಇನ್ನೊಬ್ಬ ಅದಾನ, ಬಿಟ್ಟು ಬರ್ರಿ ಅಂದನಂತ. ಅಜ್ಜಿ ಕಂಡ ಬೆಳಕು ಇದ್ರಾಗ ಇಲ್ಲ. ಲಿಂಗಾಯತರ ಮನ್ಯಾಗ ಯಮನ ಲೆಕ್ಕ ಎಲ್ಲಿಂದ ಬಂತು ಅಂತ ಯಾರೂ ಕೇಳ್ಲಿಲ್ಲ, ಹೂಂಗುಟ್ಟಿ ಕೇಳಿ ಮತ್ತ ತಾಳ ಹಿಡದ್ರು.

ನನಗ ಮೈ ಜುಂ ಅಂತು, ಯಾಕಂದ್ರ ನಿಮ್ಹಾನ್ಸಿನ ಸತ್ವಂತ್ ಪಸ್ರಿಚಾ ಮತ್ತ ಇಯಾನ್ ಸ್ಟೀವನ್ಸನ್ 1986ರಾಗ ಭಾರತದ 16 ಮಂದಿಯ ಇಂಥಾ ಅನುಭವ ಬರದಾಗ ಇದೇ ಇತ್ತು, ದೂತರು, ಪುಸ್ತಕ, ಆಳು ತಪ್ಪಿ ಬಂತು ಅಂತ ವಾಪಸ್ ಕಳಿಸೋದು. ದೇಶಕ್ಕೊಂದು ಥರ ಕಂಡ್ರ ಅದು ಸುಳ್ಳು ಅಂತಾರ ಕೆಲವ್ರು. ನನಗ ಹಂಗ ಅನ್ಸಂಗಿಲ್ಲ. ಮನುಷ್ಯಾ ತನಗ ಗೊತ್ತಿದ್ದ ಮಾತಿನ್ಯಾಗೇ ಕನಸು ಕಾಣತಾನ, ಇದನ್ನೂ ಹಂಗ ಕಂಡಿರತಾನ. ನನಗ ದೊಡ್ಡದು ಅನ್ಸಿದ್ದು ಬ್ಯಾರೆ: ಇಲ್ಲಿ ಅಜ್ಜಿ ಒಬ್ಬಾಕಿನ ಎದ್ಯಾಗ ಇಟ್ಕೊಂಡು ಕುಂತ ಸುದ್ದಿನ ನಮ್ಮೂರಾಗ ಇಡೀ ಓಣಿ ಹಂಚಿಕೊಂಡು ಬಂದೈತಿ. ಇಲ್ಲಿಯವರ 36 ತಾಸು ನಮಗ ಬೇಕು, ನಮ್ಮ ಆ ಪಡಸಾಲಿ ಇಲ್ಲಿಯವರಿಗೆ ಬೇಕು. ಮತ್ತ ಮೊಬೈಲಿನ್ಯಾಗ ಹರದಾಡೋ ನರಕ ಕಂಡು ಬಂದೆ ಅನ್ನೋ ವಿಡಿಯೋ ಸತ್ತವರ ಮನಿಗೆ ದಯವಿಟ್ಟು ಕಳಿಸಬ್ಯಾಡ್ರಿ, ಅಂಥಾದ್ದೊಂದು ನೋಡಿ ನಮ್ಮವ್ವ ಎರಡು ದಿನ ಉಂಡಿರಲಿಲ್ಲ.

ಒಂದು ಮಾತು ಮಾತ್ರ ನನ್ನ ಬಾಳ ದಿನ ಕಾಡಿತು. 344ರಾಗ 62 ತಗದ್ರ 282. ಅವರಿಗೆ ಏನೂ ನೆನಪಿಲ್ಲ. ನಮ್ಮಪ್ಪ ಯಾವ ಗುಂಪಿನಾವ ಅಂತ ನಾನು ಹ್ಯಾಂಗ ಹೇಳ್ಲಿ, ಲೆಕ್ಕ ನೋಡಿದ್ರ 282ರ ಕಡೀನೇ ಇರಬೇಕು. ಮೊದಲ ಇದು ಅನ್ಯಾಯ ಅನ್ನಿಸ್ತು. ಆಮ್ಯಾಲೆ ಭಜನಿಯಾಗ ಕುಂತಾಗ ಪದದಾಗ ಬಯಲು, ಬಯಲು ಅಂತ ಮತ್ತ ಮತ್ತ ಬರತಿತ್ತು. ಸಣ್ಣಾಂವ ಇದ್ದಾಗಿಂದ ಕೇಳೀನಿ, ಬಯಲಾದ, ಬಯಲಾಗ ಬಯಲು ಕೂಡಿತು. ನಾನು ಬೆಳಕು ಹುಡುಕತಿದ್ದೆ, ನಮ್ಮ ಮಂದಿ ಬೆಳಕಿಲ್ಲದ್ದಕ್ಕೂ ಒಂದು ಹೆಸರಿಟ್ಟು ಅದನ್ನ ರಾತ್ರಿಯೆಲ್ಲಾ ಹಾಡತಿದ್ರು.

ಬೆಳಗಾದ ಮ್ಯಾಲೆ ಅವ್ವ ಒಲಿ ಮುಂದ ಕುಂತಿದ್ಲು. "ಯಪ್ಪಾ, ಆ ಉಳದ ಮಂದಿಗೆ ಏನೂ ಕಾಣಲಿಲ್ಲ ಅಂದೆಲ್ಲ, ನಿದ್ದಿ ಹತ್ತಿದಂಗ ಅಂತೇನು?"

"ಹೂನವ್ವ, ಹಂಗ ಅಂತಾರ. ನೋವೂ ನೆನಪಿಲ್ಲ, ಏನೂ ನೆನಪಿಲ್ಲ."

ಒಂದು ಗಳಿಗಿ ಸುಮ್ಮನಿದ್ದು ರೊಟ್ಟಿ ತಿರುವಿ ಹಾಕಿ ಅಂದ್ಲು, "ಹಂಗಾದ್ರ ಸಾಕು ಬಿಡು. ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸಾಕ ಎದ್ದು ಎದ್ದು, 30 ವರ್ಷ ನಿಮ್ಮಪ್ಪ ನೆಟ್ಟಗ ನಿದ್ದಿ ಮಾಡಿದ್ದು ನಾ ನೋಡಿಲ್ಲ."