ಲಾಲಿಪಾಪ್ ತೆಗೆದು ಬಿಸ್ಕೆಟ್ ಇಟ್ರೆ ಹಾಡು ಉಳಿಯುತ್ತಾ?

ಹಾಡಿನ ಹೆಸರಲ್ಲಿ ಶುಗರ್ ಅಂತಲೋ ಕ್ಯಾಂಡಿ ಅಂತಲೋ ಇದ್ದುಬಿಟ್ರೆ ಸಾಕು, ನಾವು ಸೀರಿಯಸ್ ಮ್ಯೂಸಿಕ್ ಕೇಳೋರು ಅನ್ನೋ ಜನ ಮೂಗು ಮುರಿಯೋಕೆ ಶುರು ಮಾಡ್ತಾರೆ. ಅದೆಲ್ಲ ಮಕ್ಕಳಾಟ, ಒಂದು ವಾರ ಗುನುಗಿ ಮರೆಯೋಕೆ ಅಂತ್ಲೇ ಮಾಡಿರೋದು ಅಂತ. ಇನ್ನೊಂದು ಪಾರ್ಟಿ ಇದೆ, ಅವ್ರಿಗೆ ಇಂಥ ಹಾಡು ಯಾವ್ದೇ ಬರ್ಲಿ ಅದ್ರಲ್ಲೊಂದು ಪೋಲಿ ಅರ್ಥ ಸಿಕ್ಕೇ ಸಿಗುತ್ತೆ, ಸಿಕ್ಕಿದ್ದನ್ನ ಕಣ್ಣು ಹೊಡ್ದು ನಮಗೂ ಹೇಳ್ದೇ ಇದ್ರೆ ಅವ್ರಿಗೆ ಸಮಾಧಾನ ಇಲ್ಲ. ಈ ಎರಡೂ ಪಾರ್ಟಿ ಜೊತೆ ನಂದು ತಕರಾರಿದೆ.

ನಾನು ಇಂಥ ಹಾಡುಗಳಿಗೆ ಒಂದೇ ಒಂದು ಪರೀಕ್ಷೆ ಇಡ್ತೀನಿ. ಹೆಸರಲ್ಲಿರೋ ಸಿಹಿ ತೆಗೆದು ಆ ಜಾಗಕ್ಕೆ ಇನ್ಯಾವ್ದಾದ್ರೂ ಸಿಹಿ ಇಟ್ಟು ನೋಡಿ. ಹಾಡಿಗೆ ಏನೂ ಆಗ್ಲಿಲ್ವಾ, ಹಾಗಿದ್ರೆ ಅದು ಅಲ್ಲಿ ಸುಮ್ನೆ ಶೋಗೆ ಕೂತಿದೆ. ಹಾಡು ಕುಸಿದು ಬಿತ್ತಾ, ಹಾಗಿದ್ರೆ ಬರೆದೋರು ಕೆಲ್ಸ ಮಾಡಿದ್ದಾರೆ. ಅರ್ಥ ಎಷ್ಟು ಆಳ, ಎಷ್ಟು ಪೋಲಿ ಅನ್ನೋದೆಲ್ಲ ಆಮೇಲಿನ ಮಾತು.

'ಲಾಲಿಪಾಪ್' ತಗೊಳ್ಳಿ. 1958ರದ್ದು, ದಿ ಕಾರ್ಡೆಟ್ಸ್ ಅನ್ನೋ ನಾಲ್ಕು ಹೆಂಗಸರ ಗುಂಪು ಹಾಡಿರೋದು. ವಾದ್ಯ ಅಂತ ಹೇಳ್ಕೊಳ್ಳೋ ಅಂಥದ್ದೇನೂ ಇಲ್ಲ, ಹೆಚ್ಚುಕಮ್ಮಿ ಎಲ್ಲಾ ಗಂಟಲಲ್ಲೇ. ಆ ಒಂದೇ ಪದವನ್ನ ಮತ್ತೆ ಮತ್ತೆ ಪೇರಿಸ್ಕೊಂಡು ಹೋಗ್ತಾರೆ, ಪೇರಿಸಿ ಪೇರಿಸಿ ಟಕ್ ಅಂತ ನಿಲ್ಲಿಸಿಬಿಡ್ತಾರೆ, ಒಂದು ಚೂರು ಖಾಲಿ ಜಾಗ, ಆ ಖಾಲಿ ಜಾಗದಲ್ಲಿ 'ಪಾಪ್' ಅಂತ ಒಂದು ಸದ್ದು, ಕೆನ್ನೆ ಒಳಗೆ ಬೆರಳು ಸಿಗಿಸಿ ಎಳೆದಾಗ ಬರುತ್ತಲ್ಲ ಅದು. ಅದಾದ್ಮೇಲೆ ಕೆಳಗಿನ ಸ್ವರದಲ್ಲಿ ಬಮ್ ಬಮ್ ಅಂತ ಇಳಿಯುತ್ತೆ. ಬಾಯಿಂದ ಲಾಲಿಪಾಪ್ ಕಿತ್ತ ಸದ್ದೇ ಅದು! ಇಡೀ ಹಾಡು ಆ ಒಂದು ಸದ್ದಿಗೋಸ್ಕರ ಕಾಯ್ತಿರುತ್ತೆ. ಈಗ ಅಲ್ಲಿ ಬಿಸ್ಕೆಟ್ ಅಂತ ಇಡಿ ನೋಡೋಣ. ಹಾಡೇ ಇಲ್ಲ.

ಈ ಹಾಡು ಹುಟ್ಟಿದ ಕಥೆ ಕೂಡ ಚೆನ್ನಾಗಿದೆ. ಬೆವರ್ಲಿ ರಾಸ್ ಮತ್ತೆ ಜೂಲಿಯಸ್ ಡಿಕ್ಸನ್ ಅಂತ ಇಬ್ರು ಸೇರಿ ಹಾಡು ಬರೀತಿದ್ರು, ಒಂದಿನ ಡಿಕ್ಸನ್ ಲೇಟಾಗಿ ಬಂದ್ರು, ಯಾಕಪ್ಪಾ ಅಂದ್ರೆ ಮಗಳ ಕೂದಲಿಗೆ ಲಾಲಿಪಾಪ್ ಅಂಟ್ಕೊಂಡಿತ್ತಂತೆ. ಆ ಪದ ಕಿವಿಗೆ ಬಿದ್ದಿದ್ದೇ ತಡ ರಾಸ್ ಪಿಯಾನೋ ಮುಂದೆ ಕೂತ್ರು. ಡಿಕ್ಸನ್ ಪಕ್ಕದ ಮನೇಲಿದ್ದ 13 ವರ್ಷದ ಹುಡುಗನ್ನ ರಾಸ್ ಜೊತೆಗೆ ಹಾಡಿಸಿ ರೆಕಾರ್ಡ್ ಮಾಡಿದ್ರು, ಅದು ರೊನಾಲ್ಡ್ ಅಂಡ್ ರೂಬಿ ಅನ್ನೋ ಹೆಸರಲ್ಲಿ ಹೊರಗೂ ಬಂತು, ಚಾರ್ಟ್ ಕೂಡ ಹತ್ತಿತು. ಆದ್ರೆ ರಾಸ್ ಬಿಳಿಯ ಹೆಂಗಸು, ಹುಡುಗ ಕಪ್ಪು. ಅದು ಗೊತ್ತಾಗಿದ್ದೇ ಟೀವಿಯವ್ರು ಪ್ರೋಗ್ರಾಮ್ ಕ್ಯಾನ್ಸಲ್ ಮಾಡಿದ್ರು. ಆಮೇಲೆ ಕಾರ್ಡೆಟ್ಸ್ ಹಾಡಿದ್ದು ಅಮೆರಿಕದಲ್ಲಿ 2ನೇ ಸ್ಥಾನಕ್ಕೆ ಹೋಯ್ತು. ಇಷ್ಟು ಹಗುರವಾಗಿ ನಗೋ ಹಾಡು ತನ್ನನ್ನ ಮೊದಲು ಹಾಡಿದ ಮಗೂನ ಪರದೆ ಹಿಂದೆ ಬಿಟ್ಟು ಬಂದಿದೆ ಅನ್ನೋದು ಗೊತ್ತಾದ್ಮೇಲೆ, ಇದು ಮಕ್ಕಳಾಟ ಅನ್ನೋರ ಮೇಲೆ ನಂಗೆ ಸಿಟ್ಟು ಇನ್ನೂ ಜಾಸ್ತಿ ಬರುತ್ತೆ.

ಇದೇ ಪರೀಕ್ಷೇಲಿ ಫಸ್ಟ್ ಕ್ಲಾಸಲ್ಲಿ ಪಾಸಾಗೋ ಇನ್ನೊಂದು, ಮೇರಿ ಪಾಪಿನ್ಸ್ ಸಿನಿಮಾದ 'ಎ ಸ್ಪೂನ್‌ಫುಲ್ ಆಫ್ ಶುಗರ್', 1964. ಸಿನಿಮಾಕ್ಕೆ ಹಾಡು ಮಾಡ್ತಿದ್ದ ಶರ್ಮನ್ ಬ್ರದರ್ಸ್ ಮೊದ್ಲು ಬೇರೆ ಹಾಡು ಮಾಡಿದ್ರು, ನಾಯಕಿ ಜೂಲಿ ಆಂಡ್ರ್ಯೂಸ್‌ಗೆ ಅದು ಹಿಡಿಸ್ಲಿಲ್ಲ, ಹೊಸದು ಬೇಕಿತ್ತು. ರಾಬರ್ಟ್ ಶರ್ಮನ್ ಮಗ ಸ್ಕೂಲಿಂದ ಬಂದು ಇವತ್ತು ಪೋಲಿಯೋ ವ್ಯಾಕ್ಸಿನ್ ಹಾಕಿದ್ರು ಅಂದ, ಅಪ್ಪ ನೋವಾಯ್ತಾ ಅಂತ ಕೇಳಿದ್ರೆ ಸೂಜಿನೇ ಇಲ್ಲ, ಸಕ್ಕರೆ ತುಂಡಿನ ಮೇಲೆ ಔಷಧಿ ಹಾಕಿ ತಿನ್ನಿಸಿದ್ರು ಅಂದ. ಅಲ್ಲಿಗೆ ಹಾಡು ಸಿಕ್ತು. ಬಾಯಿಗೆ ಹಾಕೋ ಆ ವ್ಯಾಕ್ಸಿನ್ ಎರಡೋ ಮೂರೋ ಹನಿ ಅಷ್ಟೇ, ಅದನ್ನ ಹೀರ್ಕೊಂಡು ಹಿಡಿದಿಟ್ಕೊಳ್ಳೋಕೆ ಸಕ್ಕರೆ ತುಂಡೇ ಬೇಕಿತ್ತು, ಚಾಕೊಲೇಟ್ ಕೊಟ್ಟಿದ್ರೆ ಮೇಲಿಂದ ಜಾರಿ ಹೋಗ್ತಿತ್ತು. ಹಾಡನ್ನ ಕೇಳೋವಾಗ ಇದೆಲ್ಲ ತಲೇಲಿ ಇರಬೇಕು ಅಂತೇನಿಲ್ಲ, ಆದ್ರೆ ನಿಜವಾದ ಒಂದು ಸಕ್ಕರೆ ತುಂಡಿಂದ ಹುಟ್ಟಿದ ಹಾಡಿಗೂ ಪ್ರಾಸಕ್ಕೆ ಸಕ್ಕರೆ ಹುಡುಕಿದ ಹಾಡಿಗೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತೆ ಅನ್ನೋದು ನನ್ನ ನಂಬಿಕೆ.

ನನ್ನ ಪಾಲಿಗೆ ಈ ಇಡೀ ಗುಂಪಿನ ರಾಜ ಮಾತ್ರ 'ಸವಾಯ್ ಟ್ರಫಲ್'. ಬೀಟಲ್ಸ್‌ನ 1968ರ ವೈಟ್ ಆಲ್ಬಮ್, ಬರೆದಿದ್ದು ಜಾರ್ಜ್ ಹ್ಯಾರಿಸನ್. (ಅದೇ ಆಲ್ಬಮ್‌ನಲ್ಲಿ 'ವೈಲ್ಡ್ ಹನಿ ಪೈ', 'ಹನಿ ಪೈ' ಬೇರೆ ಇದಾವೆ, ಹನಿ ಅಂದ್ರೆ ಜೇನು, ಪೈ ಅಂದ್ರೆ ಹೂರಣ ತುಂಬಿ ಬೇಯಿಸೋ ತಿಂಡಿ, ಆ ಟೈಮಲ್ಲಿ ಯಾರೂ ಸರಿಯಾಗಿ ಊಟ ಮಾಡ್ತಿರ್ಲಿಲ್ವೇನೋ.) ಜಾರ್ಜ್ ಫ್ರೆಂಡ್, ಗಿಟಾರಿಸ್ಟ್ ಎರಿಕ್ ಕ್ಲ್ಯಾಪ್ಟನ್‌ಗೆ ಚಾಕೊಲೇಟ್ ಹುಚ್ಚು, ಹಲ್ಲೆಲ್ಲ ಹುಳುಕು, ನೋವು, ಆದ್ರೂ ಡಬ್ಬ ಕಂಡ್ರೆ ಬಿಡೋ ಆಸಾಮಿ ಅಲ್ಲ. ಜಾರ್ಜ್ ಏನ್ ಮಾಡಿದ್ರು ಅಂದ್ರೆ ಮ್ಯಾಕಿಂಟಾಷ್ ಕಂಪನಿಯ 'ಗುಡ್ ನ್ಯೂಸ್' ಅನ್ನೋ ಚಾಕೊಲೇಟ್ ಡಬ್ಬದಲ್ಲಿ ಯಾವ ಯಾವ ತುಂಡಿಗೆ ಏನೇನು ಹೆಸರು ಅಂತ ಇರುತ್ತಲ್ಲ ಅದನ್ನೇ ಇಳಿಸ್ಕೊಂಡು ಹಾಡು ಮಾಡಿಬಿಟ್ರು, ಒಂದೆರಡು ಹೆಸರು ಮಾತ್ರ ತಮ್ಮ ಕಡೆಯಿಂದ ಸೇರಿಸಿದ್ರು. ಇದನ್ನೆಲ್ಲ ತಿಂದ್ಮೇಲೆ ಹಲ್ಲು ಅಷ್ಟನ್ನೂ ಕೀಳಿಸಬೇಕಾಗುತ್ತೆ ನೋಡು ಅನ್ನೋದು ಪಲ್ಲವಿ. ಅದರ ಸ್ಯಾಕ್ಸಫೋನ್ ಕೇಳಿ, ಬೇಕು ಅಂತ್ಲೇ ಸದ್ದನ್ನ ಕೆಡಿಸಿ ಒರಟು ಮಾಡಿದ್ದಾರೆ, ಚೆನ್ನಾಗಿ ನುಡಿಸಿದ ಕಲಾವಿದರಿಗೆ ಜಾರ್ಜ್ ಮೊದಲೇ ಕ್ಷಮೆ ಕೇಳಿ ಆಮೇಲೆ ಆ ಸದ್ದು ಕೇಳಿಸಿದ್ರಂತೆ. ಹುಳುಕು ಹಲ್ಲಿಗೆ ಸಿಹಿ ತಾಗಿದಾಗ ಜುಮ್ ಅನ್ನುತ್ತಲ್ಲ, ಆ ಸ್ಯಾಕ್ಸಫೋನು ಅದೇ. ಇಲ್ಲಿ ಸಿಹಿ ಯಾವ ಹುಡುಗಿಗೂ ಇಟ್ಟ ಹೆಸರಲ್ಲ, ಯಾವ ಪೋಲಿ ಮಾತಿಗೂ ಮುಸುಕಲ್ಲ. ಸಿಹಿ ಅಂದ್ರೆ ಸಿಹಿ, ಹಲ್ಲು ಅಂದ್ರೆ ಹಲ್ಲು. ಕಣ್ಣು ಹೊಡಿಯೋ ಪಾರ್ಟಿಯವ್ರಿಗೆ ಇದನ್ನ ಕೇಳಿಸಿದ್ರೆ ಪಾಪ, ಏನು ಮಾಡ್ಬೇಕು ಅಂತ ಗೊತ್ತಾಗಲ್ಲ.

ಇನ್ನು ಫೇಲಾಗೋ ಹಾಡುಗಳು. ರ‍್ಯಾಪರ್ 50 ಸೆಂಟ್‌ನ 'ಕ್ಯಾಂಡಿ ಶಾಪ್', 2005ರಲ್ಲಿ ಅಮೆರಿಕದಲ್ಲಿ 9 ವಾರ ನಂಬರ್ ಒನ್. ಆ ಅಂಗಡೀಲಿ ಕ್ಯಾಂಡಿ ಬದಲು ಐಸ್‌ಕ್ರೀಮ್ ಮಾರಿದ್ರೂ, ಕೇಕ್ ಮಾರಿದ್ರೂ, ಒಂದು ಕೂದಲೂ ಕೊಂಕಲ್ಲ. 'ಐ ವಾಂಟ್ ಕ್ಯಾಂಡಿ' ಕೂಡ ಹಾಗೇ, ಅಲ್ಲಿ ಕ್ಯಾಂಡಿ ಒಬ್ಬ ಹುಡುಗಿ ಅಷ್ಟೇ. ಆದ್ರೆ ಹಾಡಿಗಿಂತ ಅದನ್ನ ಮಾಡಿದೋರು ಮಜಾ ಇದ್ದಾರೆ: 1965ರಲ್ಲಿ ನ್ಯೂಯಾರ್ಕಿನ ಮೂವರು ಹಾಡು ಬರೆಯೋರು, ಬ್ರಿಟಿಷ್ ಬ್ಯಾಂಡುಗಳ ಹಾವಳಿ ನೋಡಿ ತಾವೂ ವಿದೇಶಿಯರು ಅಂತ ಹೇಳ್ಕೊಂಡ್ರೆ ಓಡುತ್ತೆ ಅಂತ, ಆಸ್ಟ್ರೇಲಿಯಾದಲ್ಲಿ ಕುರಿ ಸಾಕೋ ಅಣ್ಣತಮ್ಮಂದಿರು ನಾವು ಅಂತ ಕಥೆ ಕಟ್ಟಿ ಸ್ಟ್ರೇಂಜ್‌ಲವ್ಸ್ ಅಂತ ಹೆಸರಿಟ್ಕೊಂಡು ಬಂದ್ರು. ಬೀಟ್ ಮಾತ್ರ ರಾಕ್ ಅಂಡ್ ರೋಲ್ ಗಾಯಕ ಬೋ ಡಿಡ್ಲಿ ಸಾಹೇಬ್ರದ್ದು, ಹಾಡು ನಿಂತಿರೋದೇ ಆ ಬೀಟ್ ಮೇಲೆ.

ಕೆಲೀಸ್‌ಳ 'ಮಿಲ್ಕ್‌ಶೇಕ್' ಇದೆಯಲ್ಲ, 2003ರದ್ದು, ಅದನ್ನ ನಾನು ಪಾಸ್ ಮಾಡ್ತೀನಿ. ಅಲ್ಲಿ ಕೆಲಸ ಮಾಡ್ತಿರೋದು ಮಿಲ್ಕ್ ಅಲ್ಲ, ಶೇಕ್. ನೆಪ್ಚೂನ್ಸ್ ಅನ್ನೋ ಪ್ರೊಡ್ಯೂಸರ್ ಜೋಡಿ ಹಾಕಿದ ಬೀಟೇ ಗಲಗಲ ಅಲ್ಲಾಡುತ್ತೆ, ಅಲ್ಲಾಡದ ತಿಂಡಿ ಅಲ್ಲಿ ನಡಿಯಲ್ಲ. ಕೆಲೀಸ್ ಆಮೇಲೆ ಲೆ ಕಾರ್ಡಾನ್ ಬ್ಲೂ ಅನ್ನೋ ಅಡುಗೆ ಶಾಲೆ ಸೇರಿ ನಿಜವಾಗ್ಲೂ ಅಡುಗೆ ಕಲಿತ್ಲು, 2014ರಲ್ಲಿ 'ಫುಡ್' ಅಂತಾನೇ ಆಲ್ಬಮ್ ತಂದ್ಲು.

ಈಗ ನಿಮ್ಮಲ್ಲಿ ಯಾರಾದ್ರೂ 'ಶುಗರ್, ಶುಗರ್' ಎಲ್ಲಿ ಅಂತ ಕೇಳೇ ಕೇಳ್ತೀರಿ. 1969. ವುಡ್‌ಸ್ಟಾಕ್ ಸಂಗೀತ ಮೇಳ ನಡೆದ ವರ್ಷ, ಚಂದ್ರನ ಮೇಲೆ ಕಾಲಿಟ್ಟ ವರ್ಷ, ಎಲ್ಲರೂ ಉದ್ದ ಉದ್ದ ಗಿಟಾರ್ ಸೋಲೋ ಬಗ್ಗೆ ಮಾತಾಡೋ ಆ ವರ್ಷದ ಅಮೆರಿಕದ ಬಿಲ್‌ಬೋರ್ಡ್ ಹಿಟ್ ಹಾಡುಗಳ ಪಟ್ಟೀಲಿ ಮೊದಲ ಹಾಡು ಇದು, ಹಾಡಿದ್ದು ದಿ ಆರ್ಚೀಸ್, ಅಂದ್ರೆ ಕಾರ್ಟೂನ್! ಡಾನ್ ಕರ್ಷ್‌ನರ್ ಅನ್ನೋ ಮ್ಯೂಸಿಕ್ ದೊಡ್ಡಮನುಷ್ಯ ಅದಕ್ಕಿಂತ ಮುಂಚೆ ಮಂಕೀಸ್ ಬ್ಯಾಂಡಿಗೆ ಹಾಡು ಆರಿಸ್ತಿದ್ದ, ಆ ಹುಡುಗ್ರು ನಮ್ಮ ಹಾಡು ನಾವೇ ನುಡಿಸ್ತೀವಿ ಅಂತ ತಿರುಗಿಬಿದ್ರು, 1967ರಲ್ಲಿ ಇವನನ್ನ ಹೊರಗೆ ಹಾಕಲಾಯ್ತು. ಮುಂದಿನ ಸಲ ಎದುರು ಮಾತಾಡದ ಬ್ಯಾಂಡ್ ಹುಡುಕ್ದ. ಕಾರ್ಟೂನ್ ಪಾತ್ರಗಳಿಗೆ ದನಿ ರಾನ್ ಡಾಂಟೆದು, ಜೊತೆಗೆ ಟೋನಿ ವೈನ್, ಬರೆದಿದ್ದು ಜೆಫ್ ಬ್ಯಾರಿ ಮತ್ತು ಆಂಡಿ ಕಿಮ್. ಆರ್ಚೀಸ್ ಹಾಡುಗಳ ರೆಕಾರ್ಡನ್ನ ಕಾರ್ನ್‌ಫ್ಲೇಕ್ಸ್ ಥರದ ಬೆಳಗಿನ ತಿಂಡಿಯ ಡಬ್ಬದ ರಟ್ಟಿನ ಮೇಲೇ ಅಚ್ಚು ಹಾಕಿ ಕೊಟ್ರು, ಮಕ್ಕಳು ಕತ್ತರಿಸಿ ಪ್ಲೇಯರ್ ಮೇಲಿಟ್ಟು ಕೇಳೋರು.

ನನ್ನ ಪರೀಕ್ಷೇಲಿ ಇದು ಫೇಲು, ಮುಚ್ಚುಮರೆ ಇಲ್ಲ. ಶುಗರ್ ಇರೋ ಕಡೆ ಏನಿಟ್ರೂ ನಡಿಯುತ್ತೆ, ಅವರೇ ಪಕ್ಕದಲ್ಲಿ ಹನಿ ಅಂತ ಇಟ್ಟೂ ಇದ್ದಾರೆ. ಆದ್ರೂ ಹಾಡು ಬಿಡೋಕಾಗಲ್ಲ. ಸಾಲು ಮುಗಿದ ತಕ್ಷಣ ಬರೋ ಆ ಪುಟ್ಟ ಕೀಬೋರ್ಡ್ ತುಣುಕು, ಒಬ್ಬನೇ ಮನುಷ್ಯನ ದನಿ ಪದರ ಪದರವಾಗಿ ಕೂತಿರೋದು, ಚಪ್ಪಾಳೆ, ಎಲ್ಲಾ ಅಳತೆ ಮಾಡಿ ಇಟ್ಟಿರೋದು. 1970ರಲ್ಲಿ ಗಾಯಕ ವಿಲ್ಸನ್ ಪಿಕೆಟ್ ಇದನ್ನ ಎದೆಯಿಂದ ಕೂಗಿ ಸೋಲ್ (ಅಮೆರಿಕದ ಕಪ್ಪು ಜನರ ಭಾವತುಂಬಿದ ಸಂಗೀತ) ಹಾಡು ಮಾಡಿದ್ರು, ಕೇಳಿ, ಅಸ್ಥಿಪಂಜರ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಪರೀಕ್ಷೆ ಹೇಳೋದು ಹೆಸರಿನ ಬಗ್ಗೆ, ಹಾಡು ಚೆನ್ನಾಗಿದೆಯೋ ಇಲ್ವೋ ಅನ್ನೋದರ ಬಗ್ಗೆ ಅಲ್ಲ, ಇದನ್ನ ಗಲಾಟೆ ಮಾಡೋಕೆ ಮುಂಚೆ ದಯವಿಟ್ಟು ಎರಡು ಸಲ ಓದಿ.

ರಾಕ್ ಬ್ಯಾಂಡ್ ಡೆಫ್ ಲೆಪರ್ಡ್‌ನ 'ಪೋರ್ ಸಮ್ ಶುಗರ್ ಆನ್ ಮಿ' ಕೂಡ ಇದೇ ಲೆಕ್ಕ, ಫೇಲು ಆದ್ರೂ ಇರ್ಲಿ. ಒಂದು ಕೈ ಕಳ್ಕೊಂಡ ಡ್ರಮ್ಮರ್ ರಿಕ್ ಆಲನ್ ಕಾಲಲ್ಲಿ ಪೆಡಲ್ ಒತ್ತಿ ಅಂಥ ಹೊಡೆತ ಹೊಡೀತಿರುವಾಗ ಸಕ್ಕರೆ ಬಗ್ಗೆ ಯಾರು ತಲೆ ಕೆಡಿಸ್ಕೋತಾರೆ.

'ದಿ ಕ್ಯಾಂಡಿ ಮ್ಯಾನ್' ಬಗ್ಗೆ ಹೇಳ್ದೆ ಇರೋಕಾಗಲ್ಲ. ಸ್ಯಾಮಿ ಡೇವಿಸ್ ಜೂನಿಯರ್, ಹಾಡು ಕುಣಿತ ನಟನೆ ಎಲ್ಲದರಲ್ಲೂ ಪಳಗಿದ ಮನುಷ್ಯ, ಈ ಹಾಡು ಕಂಡ್ರೆ ಅವ್ರಿಗೆ ಆಗ್ತಿರ್ಲಿಲ್ಲ, ತನ್ನ ಕೆರಿಯರ್ರೇ ಚರಂಡಿ ಸೇರುತ್ತೆ ಅಂತ ಅಂದ್ಕೊಂಡಿದ್ರು. 1972ರಲ್ಲಿ ಅದು ನಂಬರ್ ಒನ್ ಆಯ್ತು, ಅವ್ರ ಜೀವನದ ಒಂದೇ ಒಂದು ನಂಬರ್ ಒನ್.

ಕಹಿ ಇರೋ ಕಡೆ ಪರೀಕ್ಷೆ ಬೇರೆ ಥರ ಕೆಲ್ಸ ಮಾಡುತ್ತೆ. ರೋಲಿಂಗ್ ಸ್ಟೋನ್ಸ್‌ನ 'ಬ್ರೌನ್ ಶುಗರ್', 1971, ಶುರುವಾಗೋದೇ ಗುಲಾಮರ ಹಡಗಿಂದ. ಹಾಡಲ್ಲಿರೋದು ಹತ್ತಿ ಹೊಲ, ಆದ್ರೆ ಅಟ್ಲಾಂಟಿಕ್ ದಾಟಿಸಿದ ಗುಲಾಮರಲ್ಲಿ ಬಹುಪಾಲು ಜನ ದುಡಿದಿದ್ದು ಕಬ್ಬಿನ ತೋಟಗಳಲ್ಲಿ, ಹಾಗಾಗಿ ಆ ಹೆಸರಲ್ಲಿರೋ ಸಕ್ಕರೆನ ಕಿತ್ತು ಬೇರೆ ಏನೂ ಇಡೋಕಾಗಲ್ಲ, ಇತಿಹಾಸ ಬಿಡಲ್ಲ. 2021ರ ಅಮೆರಿಕ ಟೂರಲ್ಲಿ ಬ್ಯಾಂಡ್ ಇದನ್ನ ಕೈಬಿಟ್ಟಿತು. ಗುಲಾಮಗಿರಿಯ ಕ್ರೌರ್ಯದ ಬಗ್ಗೆ ಇರೋ ಹಾಡು ಅನ್ನೋದು ಜನಕ್ಕೆ ಅರ್ಥ ಆಗಿಲ್ವಾ ಅಂತ ಬ್ಯಾಂಡಿನ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಕೇಳಿದ್ರು. ಅರ್ಥ ಆಗಿದೆ ಸ್ವಾಮಿ, ಆದ್ರೆ ಆ ಗಿಟಾರ್ ಕ್ರೌರ್ಯನ ನೋಡಿ ಹೇಸ್ತಿಲ್ಲ, ಅದಕ್ಕೆ ಕುಣೀತಿದೆ, ನನ್ನ ತಕರಾರು ಅಲ್ಲಿದೆ. ರಾಡ್ರಿಗಸ್‌ನ 'ಶುಗರ್ ಮ್ಯಾನ್' (1970) ಇದಕ್ಕೆ ಪೂರ್ತಿ ಉಲ್ಟಾ. ಡೆಟ್ರಾಯಿಟ್‌ನ ಗಾಯಕ, ಅಮೆರಿಕದಲ್ಲಿ ಆ ಕಾಲಕ್ಕೆ ಯಾರೂ ಕ್ಯಾರೇ ಅನ್ಲಿಲ್ಲ, ಹೊಟ್ಟೆಪಾಡಿಗೆ ಕಟ್ಟಡ ಒಡೆಯೋ ಕೂಲಿ ಕೆಲ್ಸ ಮಾಡ್ಕೊಂಡಿದ್ರು, ಅತ್ತ ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾಗಿದ್ರು. ಶುಗರ್ ಮ್ಯಾನ್ ಅಂದ್ರೆ ಡ್ರಗ್ಸ್ ತಂದುಕೊಡೋನು. ದನಿಯಲ್ಲಿ ಆರ್ಭಟ ಇಲ್ಲ, ದಣಿವಿದೆ, ಬೇಗ ಬಾರಪ್ಪ ಅಂತ ಕರಿಯೋ ದನಿ. ಅಲ್ಲಿನ ಸರ್ಕಾರಿ ರೇಡಿಯೋದವ್ರು ತಮ್ಮ ಹತ್ರ ಇದ್ದ ರೆಕಾರ್ಡ್‌ನಲ್ಲಿ ಈ ಹಾಡಿರೋ ಜಾಗಾನ ಚೂಪಾದ್ದರಿಂದ ಗೀಚಿ ಹಾಳು ಮಾಡಿ ಇಟ್ಟಿದ್ರು, ಯಾರೂ ಹಾಕಬಾರದು ಅಂತ. ಇಲ್ಲಿ ಸಿಹಿ ಬದಲು ಬೇರೆ ಸಿಹಿ ಇಟ್ಟು ನೋಡಿ. ಕೇಕ್ ಮ್ಯಾನ್ ಅಂತೆ! ಆ ಹಂಬಲ, ಆ ಚಟ, ಎಲ್ಲಾ ಹೋಯ್ತು.

'ಅಮೆರಿಕನ್ ಪೈ' ಸೇರಿಸಿಲ್ಲ ಯಾಕೆ ಅಂತ ಕೇಳೋರಿಗೆ ಮೊದ್ಲೇ ಹೇಳಿಬಿಡ್ತೀನಿ. ಎಂಟೂವರೆ ನಿಮಿಷದ ಹಾಡು, 1959ರ ವಿಮಾನ ದುರಂತದಲ್ಲಿ ರಾಕ್ ಗಾಯಕ ಬಡ್ಡಿ ಹಾಲಿ ಸತ್ತ ದಿನದಿಂದ ಶುರುವಾಗಿ ಒಂದು ದಶಕ ಪೂರ್ತಿ ಅಳುತ್ತೆ, ಅಷ್ಟು ಹೊತ್ತಲ್ಲಿ ಯಾರೂ ಒಂದು ತುಂಡು ಪೈ ಕೂಡ ಬಾಯಿಗೆ ಹಾಕ್ಕೊಳಲ್ಲ. ಒಳ್ಳೇ ಹಾಡು, ಆದ್ರೆ ಈ ಪಟ್ಟಿಗೆ ಅದು ಬರಲ್ಲ.