ಹಳ್ಳಿ ಚೆನ್ನಾಗಿದೆ, ಸೌಂಡ್ ಸ್ವಲ್ಪ ಕಮ್ಮಿ ಮಾಡಿ

ದಕ್ಷಿಣ ಫ್ರಾನ್ಸಿನ ಗಾರ್ ಜಿಲ್ಲೆಯಲ್ಲಿ ಸೆಂತ್ ಆಂದ್ರೆ ದ ವಾಲ್‌ಬೋರ್ನ್ ಎಂಬ ಪುಟ್ಟ ಊರಿದೆ. 2019ರಲ್ಲಿ ಅಲ್ಲಿನ ಮೇಯರ್ ಊರ ಬಾಗಿಲಲ್ಲಿ ಒಂದು ಬೋರ್ಡು ನಿಲ್ಲಿಸಿದರು. ಊರ ಬಾಗಿಲ ಬೋರ್ಡು ಅಂದಮೇಲೆ ಸುಸ್ವಾಗತ ಅನ್ನಬೇಕು, ಅಲ್ವಾ? ಇದು ಎಚ್ಚರಿಕೆ ಕೊಡುತ್ತಿತ್ತು. ಇಲ್ಲಿ ಚರ್ಚಿನ ಗಂಟೆ ಹೊಡೆಯುತ್ತದೆ, ಹುಂಜ ಬೇಗ ಎದ್ದು ಕೂಗುತ್ತದೆ, ಪಕ್ಕದಲ್ಲೇ ದನಕುರಿಗಳಿವೆ, ಕೆಲವಕ್ಕೆ ಕೊರಳಲ್ಲಿ ಗಂಟೆಯೂ ಇದೆ, ರೈತರು ನಿಮ್ಮ ಊಟಕ್ಕಾಗಿಯೇ ದುಡಿಯುತ್ತಿರುತ್ತಾರೆ. ಇದನ್ನೆಲ್ಲ ಸಹಿಸಲಾಗದಿದ್ದರೆ ನೀವು ಬಂದಿರುವ ಜಾಗ ತಪ್ಪು. ಒಟ್ಟು ಸಾರಾಂಶ ಇಷ್ಟು.

ಮೇಯರ್ ಸಾಹೇಬರಿಗೆ ಸುಮ್ನೆ ತಲೆಕೆಟ್ಟಿರಲಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಪ್ರವಾಸಿಗರು ಬರುವ ದೇಶ ಫ್ರಾನ್ಸ್. ಅದು ಸಾಲದು ಎಂಬಂತೆ ಅಲ್ಲಿನ ಸುಮಾರು ಹತ್ತು ಮನೆಗಳಲ್ಲಿ ಒಂದು ರಜೆಗೆಂದೇ ಇಟ್ಟುಕೊಂಡ ಎರಡನೇ ಮನೆ. ಹನ್ನೊಂದು ತಿಂಗಳು ಪೇಟೆಯ ಗದ್ದಲದಲ್ಲಿದ್ದು, ಆಗಸ್ಟ್ ಬಂತೆಂದರೆ ಶಾಂತಿ ಹುಡುಕಿಕೊಂಡು ಹಳ್ಳಿಗೆ ಹೊರಡುವ ಜನ. ಅವರು ಮೊದಲು ನೋಡಿದ್ದು ಫೋಟೋ. ಕಲ್ಲಿನ ಮನೆ, ಲ್ಯಾವೆಂಡರ್ ಹೊಲ, ಹಿನ್ನೆಲೆಯಲ್ಲಿ ನಾಲ್ಕು ಹಸು. ಫೋಟೋದಲ್ಲಿ ಹಸು ಅಂಬಾ ಅನ್ನುವುದಿಲ್ಲ, ಸಗಣಿಯನ್ನೂ ಹಾಕುವುದಿಲ್ಲ. ದುಡ್ಡು ಕೊಟ್ಟು ಬಂದು ನೋಡಿದರೆ ಎರಡನ್ನೂ ಮಾಡುತ್ತಿದೆ. ಮೋಸ ಅನ್ನಿಸದೆ ಇರುತ್ತದೆಯೇ?

ಈ ಮೋಸಕ್ಕೆ ಕೋರ್ಟು ಮೆಟ್ಟಿಲು ಹತ್ತಿದ ಅತಿ ಪ್ರಸಿದ್ಧ ಆರೋಪಿಯ ಹೆಸರು ಮೊರಿಸ್. ವಾಸ ಅಟ್ಲಾಂಟಿಕ್ ಕರಾವಳಿಯ ಓಲೆರೋಂ ದ್ವೀಪ. ವೃತ್ತಿ ಹುಂಜ. ಪಕ್ಕದಲ್ಲೇ ರಜೆ ಮನೆ ಹೊಂದಿದ್ದ ನಿವೃತ್ತ ದಂಪತಿಗೆ ಇವನ ಕೂಗಿನಿಂದ ನಿದ್ದೆ ಕೆಡುತ್ತಿತ್ತು. ತಕರಾರು ಶುರುವಾಗಿದ್ದು 2017ರಲ್ಲಿ. 2019ರ ಜುಲೈನಲ್ಲಿ ರೋಶ್‌ಫೋರ್ ಪಟ್ಟಣದ ಕೋರ್ಟಿನಲ್ಲಿ ವಿಚಾರಣೆ. ಮೊರಿಸ್ ಖುದ್ದಾಗಿ ಹಾಜರಾಗಲಿಲ್ಲ. ಅವನ ಪರವಾಗಿ ಬಂದ ಅಭಿಮಾನಿಗಳು ತಮ್ಮ ತಮ್ಮ ಮನೆಯ ಕೋಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೋರ್ಟಿನ ಹೊರಗೆ ನಿಂತಿದ್ದರು. ಅವನನ್ನು ಉಳಿಸಿ ಎಂಬ ಮನವಿಗೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದ್ದವು.

ಕೋರ್ಟು ಅಮೀನರು ಸ್ಥಳಕ್ಕೇ ಹೋಗಿ ಕಿವಿಯಾರೆ ಕೇಳಿ ವರದಿ ಬರೆದರು. ಕೂಗು ಕೇಳಿಬಂದದ್ದು ಬೆಳಗ್ಗೆ ಆರೂವರೆಯಿಂದ ಏಳರ ಒಳಗೆ. ಸ್ವಲ್ಪ ಊಹಿಸಿಕೊಳ್ಳಿ. ಕಾನೂನು ಓದಿ, ಪರೀಕ್ಷೆ ಪಾಸು ಮಾಡಿ, ಸರ್ಕಾರದ ಮೊಹರು ಹಿಡಿದ ಮನುಷ್ಯ. ಹಾಸಿಗೆ ಬಿಟ್ಟು ಎದ್ದು, ಗಡಿಯಾರ ನೋಡುತ್ತಾ, ಕಿಟಕಿ ಪಕ್ಕ ಪೆನ್ನು ಹಿಡಿದು ಕೂತಿದ್ದಾರೆ. ಹುಂಜ ಕೊಕ್ಕೊಕ್ಕೋ ಅನ್ನುತ್ತದೆ. ಇವರು ಬರೆದುಕೊಳ್ಳುತ್ತಾರೆ. ಫ್ರಾನ್ಸಿನ ಫುಟ್‌ಬಾಲ್ ಆಟಗಾರರು ಇದೇ ಹುಂಜನ ಚಿತ್ರವನ್ನು ಎದೆಯ ಮೇಲೆ ಹಾಕಿಕೊಂಡು ವಿಶ್ವಕಪ್ ಎತ್ತಿದ್ದರು, ಅದರ ಹಿಂದಿನ ವರ್ಷವಷ್ಟೇ.

ನಮ್ಮ ಅಜ್ಜಿಯೊಬ್ಬಳು ಇದ್ದಳಲ್ಲ, ನನ್ನ ಕೋಳಿ ಕೂಗಿದರೆ ತಾನೇ ನಿಮಗೆ ಬೆಳಗಾಗೋದು ಅಂತ ಮುನಿಸಿಕೊಂಡು ಕೋಳಿ ಸಮೇತ ಊರು ಬಿಟ್ಟವಳು, ಅವಳನ್ನು ನಾವು ಇವತ್ತಿಗೂ ಆಡಿಕೊಂಡು ನಗುತ್ತೇವೆ. ಓಲೆರೋಂ ದಂಪತಿಯ ನಂಬಿಕೆಯೂ ಅದೇ. ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ, ಹಾಯಾಗಿ ಮಲಗಬಹುದು! ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಮೊರಿಸ್ ಗೆದ್ದ. ದೂರು ಕೊಟ್ಟವರೇ ಅವನ ಯಜಮಾನಿಗೆ 1,000 ಯೂರೊ ಕೊಡಬೇಕಾಯಿತು.

ಅದೇ ವರ್ಷ ದಾಕ್ಸ್ ಪಟ್ಟಣದ ಕೋರ್ಟು ಬಾತುಕೋಳಿಗಳ ಕೇಸನ್ನೂ ತೀರ್ಮಾನ ಮಾಡಿತು. ಬಾತುಗಳೂ ಗೆದ್ದವು.

ಪ್ರೊವಾನ್ಸ್ ಕಡೆಯ ಕಥೆ ಇನ್ನೂ ಸೊಗಸು. ಅಲ್ಲಿ ಬೇಸಿಗೆ ಅಂದರೆ ಜೀರುಂಡೆ. 2018ರಲ್ಲಿ ಲ ಬೋಸೆ ಎಂಬ ಊರಿನಲ್ಲಿ ರಜೆಗೆ ಬಂದವರು ಮೇಯರ್ ಹತ್ತಿರ ಹೋಗಿ, ಈ ಜೀರುಂಡೆಗಳ ಗಲಾಟೆ ತಡೆಯೋಕೆ ಆಗ್ತಿಲ್ಲ, ಏನಾದರೂ ಔಷಧಿ ಹೊಡೆಸಿ ಎಂದು ಕೇಳಿದರಂತೆ. ಇಡೀ ಪ್ರೊವಾನ್ಸಿನ ಗುರುತೇ ಜೀರುಂಡೆ. ಟೇಬಲ್ ಬಟ್ಟೆ, ಸೋಪಿನ ಡಬ್ಬಿ, ಫ್ರಿಜ್‌ಗೆ ಅಂಟಿಸುವ ಬಿಲ್ಲೆ, ಎಲ್ಲದರ ಮೇಲೂ ಅದೇ. ಗೋಡೆಗೆ ನೇತುಹಾಕುವ ಪಿಂಗಾಣಿ ಜೀರುಂಡೆಯೂ ಸಿಗುತ್ತದೆ. ಸೆನ್ಸರ್ ಇರುವುದನ್ನು ಕೊಂಡರೆ, ಮುಂದೆ ಯಾರಾದರೂ ಹಾದುಹೋದಾಗ ಜೀರ್ ಎಂದು ಹಾಡುತ್ತದೆ. ಬ್ಯಾಟರಿ ಹಾಕಿದ್ದಕ್ಕೆ ಕಾಸು, ಜೀವ ಇರುವುದಕ್ಕೆ ವಿಷ.

ಕಪ್ಪೆಗಳ ಕೇಸು ಪ್ರವಾಸಿಗರದ್ದಲ್ಲ, ಅಕ್ಕಪಕ್ಕದ ಮನೆಯವರದ್ದು. ಆದರೂ ಬಿಡಲು ಮನಸ್ಸಾಗುತ್ತಿಲ್ಲ. ದೋರ್ದೋನ್ಯ್ ಪ್ರದೇಶದ ಗ್ರಿನ್ಯೋಲ್ ಎಂಬ ಊರು. ಒಂದು ಮನೆಯ ಹಿತ್ತಿಲಲ್ಲಿ ಹೊಂಡ, ಹೊಂಡದಲ್ಲಿ ಕಪ್ಪೆಗಳು, ಸೀಸನ್ ಬಂದಾಗ ಅವುಗಳ ಸಂಸಾರದ ಮಾತುಕತೆ. ನೆರೆಮನೆಯವರು ಕಿಟಕಿಯಲ್ಲಿ ನಿಂತು ಶಬ್ದ ಅಳೆಸಿದರು. 63 ಡೆಸಿಬೆಲ್. 2016ರಲ್ಲಿ ಬೋರ್ದೋ ನಗರದ ಮೇಲ್ಮನವಿ ಕೋರ್ಟು ಹೊಂಡ ಮುಚ್ಚಿ ಎಂದು ಆದೇಶಿಸಿತು. ತೊಡಕು ಏನೆಂದರೆ ಆ ಕಪ್ಪೆಗಳಿಗೆ ಕಾನೂನಿನ ರಕ್ಷಣೆಯಿದೆ. ಅವುಗಳ ನೆಲೆ ಹಾಳು ಮಾಡುವುದು ಅಪರಾಧ. ಹೊಂಡ ಮುಚ್ಚದಿದ್ದರೆ ಕೋರ್ಟಿಗೆ ಅವಿಧೇಯತೆ, ಮುಚ್ಚಿದರೆ ಪರಿಸರ ಕಾನೂನಿನ ಉಲ್ಲಂಘನೆ. ಯಜಮಾನರು ದಂಡೆಯ ಮೇಲೆ ಸಲಿಕೆ ಹಿಡಿದು ನಿಂತರೂ ತಪ್ಪು, ಕೆಳಗಿಟ್ಟರೂ ತಪ್ಪು. ಕಪ್ಪೆಗಳಿಗೆ ಮಾತ್ರ ಇದರ ಸುದ್ದಿಯೇ ಇಲ್ಲ.

ಇಷ್ಟೆಲ್ಲ ಆದಮೇಲೆ ಪಾರ್ಲಿಮೆಂಟು ಸುಮ್ಮನಿರುತ್ತದೆಯೇ? 2021ರ ಜನವರಿಯಲ್ಲಿ ಒಂದು ಕಾನೂನೇ ಬಂತು. ಹಳ್ಳಿಗಾಡಿನ ಶಬ್ದಗಳು ಮತ್ತು ವಾಸನೆಗಳು ಇನ್ನು ಮುಂದೆ ದೇಶದ ಪರಂಪರೆ. ಹುಂಜ ಕೂಗಬಹುದು, ತಿಪ್ಪೆ ನಾರಬಹುದು, ಎರಡಕ್ಕೂ ಕಾನೂನಿನ ಪುಸ್ತಕದಲ್ಲಿ ಜಾಗವಿದೆ. ಹಳೇ ಚರ್ಚು, ಕೋಟೆಗಳ ದಾಖಲೆ ಇಡುವ ಇಲಾಖೆಯವರು ಆಯಾ ಪ್ರದೇಶದ ಇಂಥ ಗುರುತುಗಳನ್ನೂ ಅಧ್ಯಯನ ಮಾಡಬೇಕಂತೆ. ನನಗೆ ಆ ಗುಮಾಸ್ತರದ್ದೇ ಚಿಂತೆ. ಕೋಟೆಯಾದರೆ ಉದ್ದ ಅಗಲ ಬರೆಯಬಹುದು. ತಿಪ್ಪೆಯ ಮುಂದೆ ಫಾರಂ ಹಿಡಿದು ನಿಂತವರು ಯಾವ ಕಾಲಂ ತುಂಬಬೇಕು? ನಿರ್ಮಾಣವಾದ ವರ್ಷ: ನಿನ್ನೆ. ನಿರ್ಮಿಸಿದವರು: ಹಸು. ಸ್ಥಿತಿ: ಉತ್ತಮ, ಇನ್ನೂ ಬಿಸಿಯಿದೆ.

ಅಲ್ಲಿಗೂ ಮುಗಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇನ್ನೊಂದು ಕಾನೂನು. ನೀವು ಬರುವ ಮೊದಲೇ ಅಲ್ಲಿ ನಿಯಮದ ಪ್ರಕಾರ ನಡೆಯುತ್ತಿದ್ದ ಕೃಷಿ ಕೆಲಸದ ಬಗ್ಗೆ, ಆಮೇಲೆ ಬಂದ ನೀವು ತಗಾದೆ ಮಾಡುವಂತಿಲ್ಲ. ಮಾತು ನ್ಯಾಯವೇ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರನ್ನು ಎಬ್ಬಿಸುವುದು ನಮ್ಮಲ್ಲೂ ಸುಲಭವಲ್ಲ. ಆದರೆ ಈಗ ಹಸು, ಹುಂಜಗಳ ಸೀನಿಯಾರಿಟಿ ಲಿಸ್ಟ್ ಬೇಕಾಗುತ್ತದೆ. ಮೊರಿಸ್ 2020ರಲ್ಲಿ ಕಾಯಿಲೆ ಬಿದ್ದು ಸತ್ತ. ಯಜಮಾನಿ ಎರಡನೇ ಮೊರಿಸ್‌ನನ್ನು ತಂದರು. ಇವನಿಗೆ ಸಿಗುವುದು ಅನುಕಂಪದ ನೌಕರಿಯೋ, ಹೊಸ ನೇಮಕಾತಿಯೋ? ವಕೀಲರಿಗೆ ಒಳ್ಳೆಯ ಕಾಲ.

ಮೊದಲು ಬಂದವರಿಗೇ ಹಕ್ಕು ಅನ್ನುವುದಾದರೆ ಸಮುದ್ರಕ್ಕಿಂತ ಸೀನಿಯರ್ ಯಾರೂ ಇಲ್ಲ. ನ್ವಾರ್ಮೂತಿಯೇ ದ್ವೀಪಕ್ಕೆ ಹೋಗಲು ಪಾಸಾಜ್ ದ್ಯು ಗ್ವಾ ಎಂಬ ರಸ್ತೆಯಿದೆ. ನಾಲ್ಕು ಕಿಲೋಮೀಟರಿಗಿಂತ ತುಸು ಉದ್ದ. ದಿನಕ್ಕೆ ಎರಡು ಸಲ ಉಬ್ಬರ ಬಂದು ಇಡೀ ರಸ್ತೆ ಮುಳುಗುತ್ತದೆ. ಎರಡೂ ತುದಿಯಲ್ಲಿ ಉಬ್ಬರ ಇಳಿತದ ಸಮಯ ಬರೆದಿಟ್ಟಿದ್ದಾರೆ. ಪಕ್ಕದಲ್ಲಿ 1971ರಿಂದಲೂ ಒಂದು ಸೇತುವೆ ಇದೆ. ಆದರೂ ಆಗಾಗ ಯಾರಾದರೂ ಒಬ್ಬ ಮಹಾನುಭಾವರು, ಅಯ್ಯೋ ಇನ್ನೂ ಟೈಮಿದೆ ಬನ್ನಿ ಅಂದುಕೊಂಡು ಕಾರು ಇಳಿಸುತ್ತಾರೆ. ಇಂಥವರಿಗಾಗಿಯೇ ರಸ್ತೆಯುದ್ದಕ್ಕೂ ಎತ್ತರದ ಕಂಬಗಳನ್ನು ನೆಟ್ಟು ಮೇಲೆ ಅಟ್ಟಣೆ ಕಟ್ಟಿದ್ದಾರೆ. ಕಾರು ತೇಲುತ್ತಿದ್ದರೆ ಹತ್ತಿ ಕೂರಬೇಕು. ಅಲ್ಲಿ ಹುಂಜವಿಲ್ಲ, ಜೀರುಂಡೆಯಿಲ್ಲ, ಸಗಣಿ ವಾಸನೆಯೂ ಇಲ್ಲ. ರಜೆಗೆ ಬಂದವರು ಕೇಳಿದ ಶಾಂತಿ ಅಷ್ಟೂ ಅಲ್ಲಿದೆ. ಕೂತಲ್ಲೇ ಸಮುದ್ರದ ಮೇಲೊಂದು ದೂರು ಬರೆಯಲಿಕ್ಕೂ ಬೇಕಾದಷ್ಟು ಸಮಯ. ನೋಟಿಸ್ ಕೊಡಲು ಅಮೀನರನ್ನು ಕಳಿಸುವಾಗ ಮಾತ್ರ ಟೈಮ್ ನೋಡಿಕೊಳ್ಳಬೇಕು, ಆಸಾಮಿ ಮನೆಗೆ ಬರುವುದು ದಿನಕ್ಕೆ ಎರಡೇ ಸಲ.